ಪೆಶಾವರದಿಂದ ಬಂದ ಕರೆ

ಮಡಂತ್ಯಾರು
16 ನವೆಂಬರ್ 2025

ರೋಹಿತಣ್ಣನಿಗೆ,

ಇವತ್ತು ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡೆ. ಪೊಟ್ಟಣದ ಹಳೇ ಪೇಪರಿನ ಫೋಟೋದಲ್ಲಿ ನೀನಿದ್ದೆ, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು. ಎಣ್ಣೆ ನಿನ್ನ ಮುಖದವರೆಗೆ ಬಂದಿತ್ತು. ನಾನು ಒರೆಸಲಿಲ್ಲ.

ಆ ಸನ್ಮಾನದ ದಿನ ನಾನು ಹಿಂದಿನ ಸಾಲಿನಲ್ಲಿದ್ದೆ. ಕಾಬೂಲಿನ ಸೇನಾ ನೆಲೆಯ ಅಡುಗೆಮನೆಯಲ್ಲಿ ದುಡಿದದ್ದನ್ನು, ಅಮೆರಿಕದವರು ಹೊರಟ ವಾರ ಜೊತೆಯ ಅಡುಗೆಯವ ಝಲ್ಮಯ್ ನಿನ್ನನ್ನು ರೊಟ್ಟಿಯ ವ್ಯಾನಿನಲ್ಲಿ ಅಡಗಿಸಿ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದ್ದನ್ನು ಚೆನ್ನಾಗಿ ಹೇಳಿದೆ. ಆಮೇಲೆ ಅಲ್ಲಿನ ನೆರೆಯ ದೇಶಗಳಿಗೆ ಬೈದೆ. ಪಾಕಿಸ್ತಾನ, ಇರಾನ್ ಓಡಿಬಂದವರನ್ನು ವಾಪಸ್ ದೂಡುತ್ತವೆ, ಚೀನಾಕ್ಕೆ ಅಲ್ಲಿನ ಗಣಿಯ ಮೇಲೆ ಮಾತ್ರ ಕಣ್ಣು, ನಾವಾದರೂ ಅಲ್ಲಿನವರಿಗೆ ಕೊಟ್ಟ ವೀಸಾವನ್ನೇ ರದ್ದು ಮಾಡಿದೆವು, ಮನುಷ್ಯತ್ವ ಯಾರಿಗೂ ಇಲ್ಲ ಅಂದೆ. ಚಪ್ಪಾಳೆ ಬಿತ್ತು. ರುಕ್ಮಯ್ಯ ಮಾಸ್ಟ್ರು ಮಾತ್ರ, ಅದೆಲ್ಲ ಸರಿ ಮಾರಾಯ, ಆ ರೊಟ್ಟಿಯವ ಈಗ ಎಲ್ಲಿದ್ದಾನೆ ಎಂದು ಕೇಳಿದರು. ಹುಡುಕದ ಜಾಗ ಇಲ್ಲ ಮಾಸ್ಟ್ರೇ, ಪತ್ತೆಯೇ ಇಲ್ಲ ಅಂದೆ ನೀನು.

ಮೊನ್ನೆ ಅವನು ಅಮ್ಮನ ಫೋನಿಗೆ ಕರೆ ಮಾಡಿದ. ಎತ್ತಿದ್ದು ನಾನು. ಮೊದಲು ಕೇಳಿದ್ದೇ, ವಣಸ್ ಆಂಡಾ, ಊಟ ಆಯಿತಾ ಎಂದು. ನೀನು ಕಲಿಸಿದ ತುಳು. ಉಳಿದದ್ದು ಹಿಂದಿಯಲ್ಲಿ. ಹೆಂಡತಿ ಮಕ್ಕಳೊಂದಿಗೆ ಪೆಶಾವರದಲ್ಲಿದ್ದಾನೆ. ತಿಂಗಳ ಕೊನೆಗೆ ಅವರನ್ನು ಗಡಿ ದಾಟಿಸಿ ಕಾಬೂಲಿಗೇ ವಾಪಸ್ ಕಳಿಸುತ್ತಾರೆ. ಅಮೆರಿಕದವರಿಗೆ ಅಡುಗೆ ಮಾಡಿದವನಿಗೆ ಆಚೆ ಏನಾಗುತ್ತದೆಂದು ಅವನು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಇಂಥವರನ್ನು ಬೇರೆ ದೇಶಕ್ಕೆ ಕಳಿಸಿ ಉಳಿಸುವ ಕಚೇರಿಯವರಿಗೆ ಜೊತೆಯಲ್ಲಿ ದುಡಿದ ಒಬ್ಬರ ಮಾತು ಬೇಕಂತೆ. ಹೌದು, ಇವ ನಮ್ಮೊಟ್ಟಿಗೆ ಇದ್ದ. ಅಷ್ಟೇ.

ಅತ್ತಿಗೆಯನ್ನು ಕೇಳಿದೆ. ಪಾಕಿಸ್ತಾನದ ನಂಬರ್, ಪೊಲೀಸರು ಬಂದರೆ ಹೋಟೆಲಿನ ಗತಿ ಏನು ಎಂದು ನೀನು ಅವನನ್ನು ಬ್ಲಾಕ್ ಮಾಡಿದ್ದೀಯಂತೆ. ಹೆದರಿಕೆ ನನಗೆ ಅರ್ಥವಾಗುತ್ತದೆ, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲೂ ಹೆದರುವವಳು ನಾನು. ಆದರೆ ಹೆದರುವವ ಮೈಕ್ ಹಿಡಿದು ದೇಶದೇಶಗಳಿಗೆ ಬೈಯಬಾರದು. ಆ ವ್ಯಾನ್ ಓಡಿಸುವಾಗ ಅವನಿಗೆ ಹೆದರಿಕೆ ಇರಲಿಲ್ಲವಾ?

ಮೂಡುಬಿದಿರೆಯ ನಿನ್ನ ಹೋಟೆಲಿನ ನಂಬರನ್ನು ಆ ಕಚೇರಿಗೆ ಕೊಟ್ಟಿದ್ದೇನೆ. ಬುಧವಾರ ಕರೆ ಬರುತ್ತದೆ. ಬೆಳಗ್ಗಿನ ಬಸ್ಸಿಗೇ ಬಂದು ಗಲ್ಲಾದ ಪಕ್ಕ ಕೂತಿರುತ್ತೇನೆ. ನೀನು ಎತ್ತದಿದ್ದರೆ, ಗಿರಾಕಿಗಳೆಲ್ಲ ನೋಡುತ್ತಿದ್ದರೂ, ನಾನೇ ಎತ್ತಿ ನಿನ್ನ ಕೈಗೆ ಕೊಡುತ್ತೇನೆ.

ನಿನ್ನ ತಂಗಿ,
ಅಕ್ಷಿತಾ

ಮತ್ತೆ: ಅವನು ಫೋನ್ ಮಾಡಿದ್ದು ನಿನ್ನನ್ನು ಕೇಳಿಕೊಂಡು ಅಲ್ಲ. ನೀನು ತೀರಿಹೋದೆ ಎಂದು ಅತ್ತಿಗೆಯಿಂದ ಹೇಳಿಸಿದ್ದೆಯಲ್ಲ, ಅದನ್ನು ನಂಬಿದ್ದ. ಮಗನನ್ನು ಕಳಕೊಂಡ ಮನೆಗೆ ತೊಂದರೆ ಕೊಡುತ್ತಿದ್ದೇನೆ, ಇಬ್ಬರೂ ಒಟ್ಟಿಗಿರುವ ಒಂದು ಫೋಟೋ ಇದ್ದರೆ ಸಾಕು ಅಂದ. ನೀನು ಬದುಕಿದ್ದೀ ಎಂದು ಹೇಳಿದೆ. ಅವನು ದೇವರು ದೊಡ್ಡವನು ಎನ್ನುತ್ತಾ ಅತ್ತುಬಿಟ್ಟ.