ಮೌನೇಶನ ಕುದುರೆ

ಮಂಗಳವಾರ, ಹೂವಿನಹಡಗಲಿ

ಲೋಕವೆಲ್ಲ ಹೊಗಳುವ ಆ ಕತ್ತಿ-ಕುದುರೆಯ ವಿಡಿಯೋ ಗೇಮ್ ಅಂಥ ದೊಡ್ಡ ಸಂಗತಿಯೇನಲ್ಲವೆಂದು ಈ ನ್ಯಾಯಪೀಠ ತೀರ್ಪು ನೀಡುತ್ತದೆ. ಬೆಳಗ್ಗೆ ಹೊಲದಲ್ಲಿ ಮಲ್ಲಿಗೆ ಬಿಡಿಸೆಂದರೆ ಸೊಂಟ ಹಿಡಿದು ನರಳುವ ಗೆಳೆಯ ಮೌನೇಶ, ಸಂಜೆ ತನ್ನ ಮನೆಯಲ್ಲಿ ಕೂತು ಆಟದೊಳಗೆ ಕುದುರೆಯಿಂದ ಇಳಿದಿಳಿದು ಔಷಧಿಗೆಂದು ಹೂ ಕೀಳುತ್ತಾನೆ! ಅದನ್ನು ನಮ್ಮ ಓಣಿಯ ಸಮತಾ ಬಾಯಿಬಿಟ್ಟು ನೋಡುತ್ತಾಳೆ. ಮೊನ್ನೆಯವರೆಗೂ ನನ್ನ ಕೀಟಲೆಗಳಿಗೆ ನಗುತ್ತಿದ್ದವಳು.

"ಲೇ ಭೀಮ್ಯಾ, ಹೊಟ್ಟಿಕಿಚ್ಚೇನಲೇ?" ಎಂದ ಮೌನೇಶ.

"ನ್ಯಾಯಾಧೀಶರಿಗೆ ಹೊಟ್ಟೀನ ಇರಂಗಿಲ್ಲಲೇ," ಎಂದೆ.

ಅವನು ಊಟಕ್ಕೆ ಎದ್ದಾಗ, ಕುದುರೆಯನ್ನು ಕಣಿವೆಗೆ ಹಾರಿಸಿ ಕೊಲ್ಲಲೆಂದೇ ಜಾಯ್‌ಸ್ಟಿಕ್ ಹಿಡಿದೆ. ಅಂಚಿಗೆ ಹೋದರೆ ಕೆಳಗೆ ಹೊಳೆ, ಆಚೆ ಮಂಜು. ಹಾರಿಸಲು ಮನಸ್ಸೇ ಬರಲಿಲ್ಲ. "ಅಲ್ಲಿ ನೀಲಿ ಹೂ ಅದಾವು ನೋಡೋ," ಎಂದಳು ಸಮತಾ. ಮೌನೇಶ ಕೈತೊಳೆದು ಬರುವಷ್ಟರಲ್ಲಿ ನಾನೂ ಹೂ ಕೀಳುತ್ತಿದ್ದೆ.

ತೀರ್ಪು ಬದಲಾಗದು. ಆದರೆ ಆ ಕುದುರೆಯೂ, ಪಕ್ಕದಲ್ಲಿ ಸಮತಾಳೂ, ದಿನಾ ಅವನಿಗೇ ಏಕೆ...