ಒಂದು ಫೋನಿಗೆ ಒಂದೇ ಮತ

ಸರಗೂರು, ಆಗಸ್ಟ್ ೧೨, ಮಂಗಳವಾರ

ಮದುವೆಯಾಗಿ ಐವತ್ತಮೂರು ದಿನ. ದಿನವೂ ಪ್ರಭು, ಪ್ರಭು ಎಂದು ಪುಟ ತುಂಬಿಸುವ ನನಗೆ ಇವತ್ತು ಅವರ ಹೊಗಳಿಕೆಯೇ ಚುಚ್ಚುತ್ತಿದೆ.

ಇಲ್ಲಿನ ಗ್ರಂಥಾಲಯದಲ್ಲಿ ಸಂಜೆ ಒಂದು ಗಂಟೆ ಹೊತ್ತು ಹೆಂಗಸರಿಗೆ ಮಾತ್ರ. ಅದು ಬೇಕೋ ಬೇಡವೋ ಎಂದು ಆನ್‌ಲೈನಿನಲ್ಲಿ ಕೇಳಲು ಸಮಿತಿಯವರು ನನ್ನಿಂದ ಫಾರಂ ಮಾಡಿಸಿದರು. ಮೊದಲ ಸಲ ಯಾರೋ ಒಬ್ಬರೇ ನಲವತ್ತು ಬಾರಿ ಒತ್ತಿದ್ದರು. ಆಮೇಲೆ ನಾನು ಒಂದು ಫೋನ್ ನಂಬರಿಗೆ ಒಂದೇ ಮತ ಎಂದು ಬಿಗಿ ಮಾಡಿದೆ. "ನನ್ನ ಹೆಂಡ್ತಿ ತಲೆ ನೋಡ್ರಲಾ" ಎಂದು ಪ್ರಭು ಸ್ನೇಹಿತರಿಗೆಲ್ಲ ಹೇಳಿಕೊಂಡು ಬಂದರು. ನಾನೂ ಹಿಗ್ಗಿದೆ.

ಇವತ್ತು ಫಲಿತಾಂಶ ಬಂತು. ಬೇಡ ಎಂದವರೇ ಹೆಚ್ಚು. ನಾಳೆ ಸಭೆಯಲ್ಲಿ ಆ ಗಂಟೆಯನ್ನು ತೆಗೆದುಹಾಕುತ್ತಾರೆ. ಅತ್ತೆ ಓದಲು ಕಲಿಯುತ್ತಿರುವುದೇ ಆಗ. ಮೊನ್ನೆಯಷ್ಟೇ ಕೋಟೆಗೆ ಹೋಗುವ ಬಸ್ಸಿನ ಬೋರ್ಡನ್ನು ತಾವೇ ಓದಿದ್ದರು.

"ನೀವು ಬೇಕು ಅಂತ ತಾನೆ ಒತ್ತಿದ್ದು, ಅತ್ತೆ?" ಎಂದೆ.

ರೊಟ್ಟಿ ತಟ್ಟುತ್ತಲೇ ಹೇಳಿದರು: "ಒತ್ತಕ್ಕೋದೆ ಕಣವ್ವ. ಈ ನಂಬರಿಂದ ಆಗ್ಲೇ ಓಟು ಬಂದದೆ ಅಂತು. ನಿಮ್ಮಾವ ಬೆಳಿಗ್ಗೇನೆ ಬ್ಯಾಡ ಅಂತ ಒತ್ತವ್ರೆ. ನಮ್ಮಿಬ್ರಿಗೂ ಇರೋದೊಂದೇ ಫೋನು, ಬುಡು."

ಈ ಬೀದಿಯ ಎಷ್ಟು ಮನೆಗಳಲ್ಲಿ ಹೀಗೆಯೇ ಆಗಿದೆಯೋ. ನಮ್ಮ ತವರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋನು. ನನಗೆ ಹೊಳೆಯಲೇ ಇಲ್ಲ.

ಅತ್ತೆ ನಕ್ಕರು. "ನೀನು ಒತ್ತಿದ್ಯಲ್ಲ, ನಂದೂ ಅದ್ರಲ್ಲೇ ಸೇರ್ತು ಅನ್ಕೊ."

ನಾನು ಒತ್ತಿರಲಿಲ್ಲ. ಫಾರಂ ಮಾಡಿದವಳೇ ಮತ ಹಾಕುವುದು ಸರಿಯಲ್ಲ ಎಂದುಕೊಂಡಿದ್ದೆ. ಅದನ್ನು ಅತ್ತೆಗೆ ಹೇಳಲಾಗಲಿಲ್ಲ. ಸಭೆಗೆ ಮುಂಚೆ ಸಮಿತಿಯವರಿಗಾದರೂ ತಪ್ಪು ನನ್ನದೆಂದು ಹೇಳಬೇಕು. ಮೊದಲು ಪ್ರಭುವಿಗೆ. ಅವರು ಪಕ್ಕದಲ್ಲೇ ಮಲಗಿದ್ದಾರೆ, ಎಬ್ಬಿಸಿ ಈಗಲೇ—