ತಾತನ ಮರಿಗಳಿಗೆ ಹೊದಿಸಿದ ಗೋಣಿ

ಹೇಮಾ,

ಚಿಕ್ಕಂದಿನಲ್ಲಿ ನಮ್ಮಮ್ಮ ಕೋಳಿಮರಿಗಳ ಕಾವಿಗೆ ಹಾಕುತ್ತಿದ್ದ ಭತ್ತದ ಹೊಟ್ಟಿನ ಹೊಗೆ, ಇವತ್ತು ಮರಿಗಳ ಬುಟ್ಟಿ ನೋಡಿದಾಗ ಮತ್ತೆ ಮೂಗಿಗೆ ಬಂದಂತಾಯಿತು.

ತರಗುಪೇಟೆಯ ಮಂಡಿಗೆ ಹೋಗಿ ಮರಿಗಳಿಗೆ ನುಚ್ಚು ತರುತ್ತೇನೆ. ಫಾರಂ ಮರಿಗಳು ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಚಳಿ ಎಂದರ್ಥ, ಬಲ್ಬು ಇಳಿಸು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡು. ತಾತ ತೀರಿಕೊಳ್ಳುವ ಮುಂಚೆ ತಂದ ಮರಿಗಳು ಕಣಮ್ಮ, ಇನ್ನೊಂದು ಸಾಯಬಾರದು.

ಮುಂಜಾನೆ ತಾತನ ಕೆಮ್ಮು ಕೇಳುತ್ತೆ, ಬುಟ್ಟಿಗೆ ಗೋಣಿ ಹೊದಿಸಿರುತ್ತೆ ಅಂತ ಈ ಅಜ್ಜಿ ಅಂದರೆ ನಗುತ್ತಿದ್ದೆಯಲ್ಲ? ಇವತ್ತು ಕಣ್ಣಾರೆ ಕಂಡೆ. ಹೊದಿಸುತ್ತಿದ್ದವರು ಮೊಟ್ಟೆಯನ್ನೂ ಮುಟ್ಟದ ಪಕ್ಕದ ಮನೆ ಗೋದಮ್ಮ.

"ತಿನ್ನೋಕೇ ಸಾಕಿದ್ರೂ ಚಳಿ ಚಳಿನೇ ಅಲ್ವೇನ್ರೀ? ನಿಮ್ಮ ಯಜಮಾನರ ಕೆಮ್ಮು ಕೇಳಿಸ್ತು, ಎದ್ದು ಬಂದೆ" ಅಂದರು.

ನಾವಿರುವುದು ಇಬ್ಬರೇ. ಮೂವರಿಗಾಗುವಷ್ಟು ಉಪ್ಪಿಟ್ಟಿದ್ದ ಡಬ್ಬಿಯನ್ನು ನನ್ನ ಕೈಗಿಟ್ಟು ಹೋದರು.